ಬಣ್ಣ ಹೇಳುವ ಕೆಲಸ

ಬಿ.ಎ. ಮುಗಿಸಿ ಮೂರು ವರ್ಷ ಮನೆಯಲ್ಲಿ ಕುಳಿತ ಮೇಲೆ ನಾನು ವಿರುಪಾಕ್ಷಪ್ಪನವರ ಬೆಲ್ಲದ ಗಾಣಕ್ಕೆ ಕೆಲಸಕ್ಕೆ ಸೇರಿದೆ. ೧೯೯೨ರ ದೀಪಾವಳಿ ಆಗಷ್ಟೇ ಮುಗಿದಿತ್ತು. ಅಥಣಿಯ ಎರಡು ಹೈಸ್ಕೂಲು, ಚಿಕ್ಕೋಡಿಯ ಒಂದು ಕಚೇರಿ, ರಾಯಬಾಗದ ಒಂದು ಸೊಸೈಟಿ, ಎಲ್ಲ ಕಡೆಯೂ ಅರ್ಜಿ ಹಾಕಿದ್ದೆ. ಇಲ್ಲ ಎಂದು ಒಂದು ಕಾರ್ಡು ಬರೆದವರೂ ಇರಲಿಲ್ಲ. ಹಾರೂಗೇರಿ ಹತ್ತಿರದ ನಮ್ಮ ಊರಿನಲ್ಲಿ ಅಪ್ಪ ಕುರಿ ಹೊಡೆದುಕೊಂಡು ಹೊರಡುವಾಗ ನನ್ನನ್ನು ಎಬ್ಬಿಸುವುದನ್ನು ಬಿಟ್ಟಿದ್ದ. ಕಲಿತ ಮಗನಿಗೆ ಕುರಿ ಕಾಯಲು ಹೇಳಬಾರದೆಂಬ ಮರ್ಯಾದೆಯೋ, ಹೇಳಿ ಫಲವಿಲ್ಲವೆಂಬ ತೀರ್ಮಾನವೋ, ನಾನು ಕೇಳಲಿಲ್ಲ.

ಗಾಣ ಕಾಗವಾಡದಿಂದ ಮೂರು ಕಿಲೋಮೀಟರು ದೂರ, ಕಬ್ಬಿನ ಹೊಲಗಳ ನಡುವೆ ಇತ್ತು. ಮೊದಲ ದಿನ ನಾನು ಹೋಗಿ ಮುಟ್ಟಿದಾಗ ಒಲೆಗೆ ಉರಿ ಹತ್ತಿತ್ತು. ಉರಿ ಹಾಕುತ್ತಿದ್ದ ಬಾಳಾಸಾಬ ನನ್ನ ಇಸ್ತ್ರಿ ಮಾಡಿದ ಅಂಗಿ ನೋಡಿ, "ಯಾರರ ಒಂದ ಕುರ್ಚಿ ತರ್ರಿ, ಬಿ.ಎ. ಸಾಹೇಬ್ರು ಬಂದ್ರು!" ಎಂದು ಕೂಗಿದ. ಎಲ್ಲರೂ ನಕ್ಕರು. ಕೊಪ್ಪರಿಗೆಯ ಹತ್ತಿರ ನಿಂತಿದ್ದ ಮುದುಕ ಮಾತ್ರ ನಗಲಿಲ್ಲ. ಅವನು ಧರೆಪ್ಪ, ಆ ಗಾಣದ ಗುಳವ್ಯಾ. ರಸ ಎಷ್ಟು ಕುದಿಯಬೇಕು, ಪಾಕ ಯಾವಾಗ ಇಳಿಸಬೇಕು ಎಂದು ಹೇಳುವವನೇ ಗುಳವ್ಯಾ. ಉಳಿದವರ ದುಡಿಮೆಯೆಲ್ಲ ಅವನ ಆ ಒಂದು ಮಾತಿಗಾಗಿ ಕಾಯುತ್ತದೆ.

"ಉರಿ ಹತ್ತಿದ ಮ್ಯಾಲ ಬಂದಾಂವ ದಿನಾ ಪೂರಾ ಉರಿಯ ಬೆನ್ನ ಹತ್ತಿ ಓಡತಾನ," ಎಂದ ಧರೆಪ್ಪ, ನನ್ನ ಕಡೆ ತಿರುಗದೆ. "ನಾಳಿಂದ ಉರಿಗಿಂತ ಮೊದಲ ಬಾ."

ಅದು ಅವನು ನನಗೆ ಹೇಳಿದ ಮೊದಲ ಮಾತು. ಗಾಣದ ಗುಡಿಸಲಿನಲ್ಲೇ ಮಲಗಿ ಮರುದಿನ ನಾಲ್ಕಕ್ಕೇ ಎದ್ದೆ.

ಗಾಣದ ಕೆಲಸ ನೋಡಲು ಸರಳ. ಎಂಜಿನ್ನು ಕಬ್ಬು ಅರೆಯುತ್ತದೆ, ರಸ ಕೊಪ್ಪರಿಗೆಗೆ ಬೀಳುತ್ತದೆ, ಬೆಂಡೆ ಗಿಡದ ಲೋಳೆ ಹಾಕಿದರೆ ಹೊಲಸೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಚೆಲ್ಲಬೇಕು. ಆಮೇಲೆ ರಸ ಗಟ್ಟಿಯಾಗತೊಡಗುತ್ತದೆ. ಅಲ್ಲಿಂದ ಮುಂದೆ ಗಾಣದಲ್ಲಿ ಒಂದು ಪದ್ಧತಿ ಇತ್ತು. ಗುಳವ್ಯಾನ ಹೊರತು ಯಾರೂ ಬಾಯಿ ಬಿಡಬಾರದು. ಎಂಜಿನ್ನೂ ನಿಲ್ಲುತ್ತಿತ್ತು. ಬಾಳಾಸಾಬನಂಥ ಬಾಳಾಸಾಬ ಕೂಡ ತುಟಿ ಹೊಲಿದುಕೊಂಡಂತೆ ಕೂರುತ್ತಿದ್ದ. ಹಿಂದೊಮ್ಮೆ ಯಾರೋ ಚೇಷ್ಟೆಗೆ "ಇಳಸ್ರಿ" ಎಂದು ಕೂಗಿ, ನಾಲ್ಕು ಜನ ಬಡಿಗೆ ಕೊಟ್ಟು ಕೊಪ್ಪರಿಗೆ ಎತ್ತಿ, ಹಿಡಿತ ತಪ್ಪಿ, ಒಬ್ಬನ ಎರಡೂ ಕಾಲು ಕುದಿಯುವ ಪಾಕದಲ್ಲಿ ಬೆಂದಿದ್ದವಂತೆ. ಆವತ್ತಿನಿಂದ ಹಾಗೆ. ಪಾಕದ ಗುಳ್ಳೆ ಒಡೆಯುವ ಸದ್ದು ಮಾತ್ರ ಕೇಳುವ ಆ ಹತ್ತು ನಿಮಿಷ ನನಗೆ ತುಂಬ ಹಿಡಿಸಿತು. ಮೂರು ವರ್ಷ ಮನೆಯಲ್ಲಿ ನಾನು ಅನುಭವಿಸಿದ್ದು ಬೇರೆ ಥರದ ಮೌನ. ಅದರಲ್ಲಿ ಎಲ್ಲರೂ ನನ್ನ ಬಗ್ಗೆಯೇ ಸುಮ್ಮನಿರುತ್ತಿದ್ದರು. ಇಲ್ಲಿ ಎಲ್ಲರೂ ಒಂದು ಕೆಲಸಕ್ಕಾಗಿ ಸುಮ್ಮನಿದ್ದರು.

ಧರೆಪ್ಪ ನನ್ನನ್ನು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡ. ಆ ಮೌನದ ನಡುವೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೇಳುತ್ತಿದ್ದ, ನಾನೂ ಪಿಸುದನಿಯಲ್ಲೇ ಉತ್ತರಿಸುತ್ತಿದ್ದೆ:

"ಹೇಳ ನೋಡೂಣು. ಈಗ ಯಾವ ಬಣ್ಣ?"

"ಹಾಲ ಹಾಕದ ಚಾದ ಬಣ್ಣರಿ, ಮಾಮಾ."

"ಮತ್ತ ನೋಡಕೋತ ಇರು."

ಸ್ವಲ್ಪ ಹೊತ್ತಿಗೆ ಮತ್ತೆ, "ಈಗ?"

"ಕಡ್ಲಿ ಬ್ಯಾಳಿ ಆಗೇತ್ರಿ."

ಆಗ ಅವನು ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ, "ಇಳಸ್ರಿ!" ಎನ್ನುತ್ತಿದ್ದ. ಗುರು ಶಿಷ್ಯನ ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ. ಕೇಳಲು ಯೋಗ್ಯನಾದೆನಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ನಲವತ್ತು ವರ್ಷ ಕೊಪ್ಪರಿಗೆಯ ಮುಂದೆ ನಿಂತವನು ಅವನು. ಕೆಲಸದ ಬಗ್ಗೆ ಅವನು ಹೇಳುತ್ತಿದ್ದುದನ್ನು ಯಾವ ಕಾಲೇಜಿನಲ್ಲೂ ನಾನು ಕೇಳಿರಲಿಲ್ಲ. ಒಂದು ದಿನ ಸಿಪ್ಪೆಯ ರಾಶಿಯ ಮೇಲೆ ನಾನು ಮಂಕಾಗಿ ಕುಳಿತಿದ್ದೆ. ಹಂಗಾಮು ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು. ಮುಗಿದ ಮೇಲೆ ಏನು ಎಂಬುದೂ ತಿಳಿದಿರಲಿಲ್ಲ. ಅವನು ಬಂದು ಪಕ್ಕದಲ್ಲಿ ಕುಳಿತ.

"ಏನ ಎಣಸಾಕತ್ತೀಯೊ?"

"ಏನಿಲ್ರಿ. ಮನಸ ಹತ್ತವಲ್ದು."

"ಮನಸ ಹತ್ತಲಿಲ್ಲಂದ್ರ ಕೈ ಹಚ್ಚು. ಕೈ ಹತ್ತಿದ ಮ್ಯಾಲ ಮನಸ ಎಲ್ಲಿ ಹೋಗತೈತಿ? ಕುರಿಮರಿಗತೆ ಬೆನ್ನ ಹತ್ತಿ ಬರತೈತಿ. ಮತ್ತ ಇನ್ನೊಂದ ಹೇಳ್ತೀನಿ ಕೇಳು. ಹಂಗಾಮ ಎಣಸಬ್ಯಾಡ. ಕೊಪ್ಪರಗಿ ಎಣಸು. ದಿನಕ್ಕ ನಾಕ. ನಾಕ ಇಳಸಿದಿ ಅಂದ್ರ ಕೈ ತೊಕ್ಕೊಂಡು ಉಣ್ಣು."

ಸಾಕ್ಷಿಗೆ ಬಾಳಾಸಾಬ ದೂರದಿಂದಲೇ ಕೂಗಿದ: "ಹೌದ್ರಿ ಸಾಹೇಬ್ರ, ನಾ ರೊಟ್ಟಿ ಎಣಸ್ತೀನಿ. ನಾಕ ಆದ್ರ ಐದನೇದ್ದ ಚಿಂತಿ ಬರತೈತಿ!"

ಕೈ ಹಚ್ಚಿದೆ. ಮನಸ್ಸು ನಿಜವಾಗಿಯೂ ಹಿಂದಿನಿಂದ ಬಂತು. ಆ ಡಿಸೆಂಬರಿನಲ್ಲಿ ಕೆಲವು ದಿನ, ಸಾಯಂಕಾಲ ಕೊಪ್ಪರಿಗೆ ತಿಕ್ಕುವಾಗ, ನಾನು ಏನನ್ನೂ ಬೇಡದೆ ಇದ್ದುದುಂಟು.

ಹೊಸ ವರ್ಷ ಹುಟ್ಟಿದ ಮೊದಲ ವಾರದಲ್ಲಿ ನನ್ನಿಂದ ಒಂದು ತಪ್ಪಾಯಿತು. ಮಧ್ಯಾಹ್ನದ ಮೂರನೆಯ ಕೊಪ್ಪರಿಗೆ. ಹೊಗೆಗೂ ಹಬೆಗೂ ತೂಕಡಿಕೆ ಬಂದಿತ್ತು. "ಈಗ ಯಾವ ಬಣ್ಣ?" ಎಂದಾಗ ಸರಿಯಾಗಿ ನೋಡದೆ "ಕಡ್ಲಿ ಬ್ಯಾಳಿ" ಎಂದುಬಿಟ್ಟೆ. ಅವನು ನೀರಿನಲ್ಲಿ ಹನಿ ಬಿಟ್ಟು ನೋಡಿದ, ತುಸು ಅನುಮಾನಿಸಿದ, ಆದರೂ ಇಳಿಸಲು ಹೇಳಿದ. ಬೆಲ್ಲ ಗಟ್ಟಿಯಾಗಲಿಲ್ಲ. ಮರುದಿನವೂ ಬೆಲ್ಲದ ಪೆಂಟೆ ಹಸಿ ಮಣ್ಣಿನಂತೆ ಕುಸಿದು ಕುಳಿತಿತ್ತು. ವಿರುಪಾಕ್ಷಪ್ಪನವರು ಬಂದು ಕೇಳಿದಾಗ ಧರೆಪ್ಪ, "ನಂದ ಅವಸರ ಆತ್ರಿ ಸಾವಕಾರ," ಎಂದ. ಅಷ್ಟೇ.

ಆ ಸಂಜೆ ಬೀಡಿ ತರುವ ನೆಪದಲ್ಲಿ ಅವನು ನನ್ನನ್ನು ಕಾಗವಾಡದ ಹಾದಿಗೆ ಕರೆದುಕೊಂಡು ಹೋದ. ನನ್ನ ಭುಜದ ಮೇಲೆ ಕೈ ಇಟ್ಟು ನಡೆಯುತ್ತಿದ್ದ. ಪ್ರೀತಿ ಎಂದುಕೊಂಡಿದ್ದೆ.

"ಮಾಮಾ, ತಪ್ಪ ನಂದಿತ್ತು. ನೀವ್ಯಾಕ ಮ್ಯಾಲ ಹಾಕ್ಕೊಂಡ್ರಿ? ನಿಮಗ ಕಾಣ್ತಿತ್ತಲ್ಲಾ, ನಾ ಸುಳ್ಳ ಬಣ್ಣ ಹೇಳಿದ್ದು?"

ಅವನು ನಿಂತ. ಕಬ್ಬು ತುಂಬಿದ ಒಂದು ಟ್ರ್ಯಾಕ್ಟರು ನಮ್ಮನ್ನು ದಾಟಿ ಹೋಯಿತು.

"ಕಾಣ್ತಿದ್ರ ನಿನ್ನ ಯಾಕ ಕೇಳ್ತಿದ್ನೊ, ಜಕ್ಕಪ್ಪ?"

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೋದ ವರ್ಷವೇ ಶುರುವಾಗಿತ್ತಂತೆ. ಈ ವರ್ಷ ಎಲ್ಲವೂ ಹಿಟ್ಟಿನೊಳಗೆ ಕಂಡಂತೆ ಕಾಣುತ್ತಿತ್ತು. ಗುಳ್ಳೆಯ ಸದ್ದು ಕೇಳುತ್ತಿತ್ತು, ವಾಸನೆ ತಿಳಿಯುತ್ತಿತ್ತು, ಆದರೆ ಬಣ್ಣವಿಲ್ಲದೆ ನಿಖರ ಹೊತ್ತು ಸಿಗುತ್ತಿರಲಿಲ್ಲ. ಬೆರಳ ತುದಿ ಸುಟ್ಟು ಸುಟ್ಟು ಕಲ್ಲಾಗಿತ್ತು. ಹನಿಯ ಹದ ಹೇಳುವಷ್ಟು ಜೀವ ಅದರಲ್ಲಿ ಉಳಿದಿರಲಿಲ್ಲ. ಮಿರಜಿನಲ್ಲಿ ಪೊರೆ ತೆಗೆಯುತ್ತಾರೆ. ತೆಗೆದ ಮೇಲೆ ಎರಡು ತಿಂಗಳು ಬೆಂಕಿಯ ಹತ್ತಿರ ಹೋಗುವಂತಿಲ್ಲ. ನಡು ಹಂಗಾಮಿನಲ್ಲಿ ಗಾಣ ಬಿಟ್ಟ ಗುಳವ್ಯಾನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಕಣ್ಣಿಲ್ಲ ಎಂದು ಗೊತ್ತಾದರಂತೂ ಮುಗಿದೇ ಹೋಯಿತು.

"ಹಂಗಾಮ ಮುಗಿಯೂ ಯುಗಾದಿ ಪಾಡ್ಯೆದ ಮಟಾ ತಡಿಬೇಕ ಅಷ್ಟ. ಅದಾದ ಮ್ಯಾಲ ಮಿರ್ಜಿಗಿ ಹೋಗಿ ತಗಸ್ಕೊಂಡು, ದೀಪಾವಳಿಗಿ ಹೊಸಾ ಕಣ್ಣ ತಗೊಂಡು ಬರ್ತೀನಿ. ಅಲ್ಲಿ ಮಟಾ ನೀ ಖರೇ ಬಣ್ಣ ಹೇಳು. ನನ್ನ ಕಡೆ ಇದ್ದದ್ದೆಲ್ಲಾ ನಾ ನಿನಗ ಕೊಡ್ತೀನಿ. ಯಾರ ಮುಂದೂ ಆಡಬ್ಯಾಡ."

"ಇಲ್ರಿ ಮಾಮಾ," ಎಂದೆ.

ಆಮೇಲೆ ಆ ತಿಂಗಳೆಲ್ಲ ಒಂದು ಹನಿಯೂ ಹದ ತಪ್ಪಲಿಲ್ಲ. ಅವನೂ ಮಾತು ಉಳಿಸಿಕೊಂಡ. ಯಾವ ಮಣ್ಣಿನ ಕಬ್ಬಿಗೆ ಎಷ್ಟು ಲೋಳೆ, ಮೋಡವಿದ್ದ ದಿನ ಎಷ್ಟು ಮೊದಲು ಇಳಿಸಬೇಕು, ಎಲ್ಲವನ್ನೂ ಹೇಳಿದ. ಮಾಲೀಕ ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳಬಾರದು ಎಂದ. ಪಾಕ ಕೆಟ್ಟರೆ ಅದರ ಮುಂದೆ ಕುಳಿತು ಅಳಬಾರದು, ಕೊಪ್ಪರಿಗೆ ತೊಳೆದು ಮುಂದಿನ ರಸ ಬಿಡಬೇಕು ಎಂದ. ನಾನು ಕಲಿಯುತ್ತಲೇ ಹೋದೆ.

ಜನವರಿಯ ಕೊನೆಯಲ್ಲಿ ಒಂದು ದಿನ ವಿರುಪಾಕ್ಷಪ್ಪನವರು ನನ್ನನ್ನು ದ್ರಾಕ್ಷಿ ತೋಟದ ಕಡೆ ಕರೆದರು. ಕೆಟ್ಟ ಮನುಷ್ಯರಲ್ಲ ಅವರು. ಎಲೆ ಸರಿಸಿ ಗೊಂಚಲು ನೋಡುತ್ತ, ಬೇರೇನೋ ಮಾತಾಡಿದಂತೆ ಕೇಳಿದರು:

"ಧರೆಪ್ಪಗ ವಯಸ್ಸಾತು. ನೀ ಕಲ್ತಾಂವ ಅದಿ, ಕೆಲಸಾನೂ ಹಿಡದಿ. ಮುಂದಿನ ವರ್ಷ ನೀನ ನಿಂದರ್ತಿಯೇನು?"

ಆಗುವುದಿಲ್ಲ ಎನ್ನಬಹುದಿತ್ತು, ಮಾಮಾ ಇರುವವರೆಗೆ ಬೇಡ ಎನ್ನಬಹುದಿತ್ತು. ಸುಮ್ಮನಿದ್ದೆ. ನನ್ನ ಬದುಕಿನಲ್ಲಿ ಯಾರೋ ಒಬ್ಬರು ಕರೆದು ಕೆಲಸ ಕೊಡುತ್ತೇನೆ ಎಂದದ್ದು ಅದೇ ಮೊದಲು. ಧರೆಪ್ಪನಿಗೆ ಆ ಮಾತು ಹೇಳಲಿಲ್ಲ. ಬಣ್ಣ ಮಾತ್ರ ಹೇಳುತ್ತಿದ್ದೆ.

ಯುಗಾದಿಗೆ ಇನ್ನು ಒಂದೂವರೆ ತಿಂಗಳಿತ್ತು. ಒಂದು ದಿನ ವಿರುಪಾಕ್ಷಪ್ಪನವರು ಸಾಂಗಲಿಯ ಒಬ್ಬ ದಲಾಲನನ್ನು ಕರೆದುಕೊಂಡು ಬಂದರು. ಹಂಗಾಮಿನ ಉಳಿದ ಮಾಲನ್ನೆಲ್ಲ ಅವನೇ ಒಯ್ಯುವವನಿದ್ದ. ತನ್ನ ಕಣ್ಣೆದುರು ಒಂದು ಕೊಪ್ಪರಿಗೆ ಇಳಿಯಬೇಕೆಂದ. ಕಬ್ಬು ತುಂಬಿದ ಗಾಡಿಗಳು ಸಾಲಾಗಿ ನಿಂತಿದ್ದವು. ಎಂಜಿನ್ನು ನಿಲ್ಲಿಸಬೇಡಿರೆಂದು ಸಾವಕಾರರೇ ಹೇಳಿದರು.

ಧರೆಪ್ಪನ ಮುಖ ಒಮ್ಮೆ ಎಂಜಿನ್ನಿನ ಕಡೆ ತಿರುಗಿತು.

"ಕಾಯ ಧರೆಪ್ಪಾ, ರಂಗ ಕಸಾ ಯೇಣಾರ ಆಜ್?" ಎಂದು ದಲಾಲ ಮರಾಠಿಯಲ್ಲಿ ಕೇಳಿದ, ಬಣ್ಣ ಹೇಗೆ ಬರುತ್ತದೆ ಇವತ್ತು ಎಂದು.

"ಸೋನ್ಯಾಸಾರಖಾ, ಶೇಠ," ಎಂದ ಧರೆಪ್ಪ. ಬಂಗಾರದ ಹಾಗೆ.

ನೊರೆ ತೆಗೆದಾಯಿತು. ರಸ ಗಟ್ಟಿಯಾಗತೊಡಗಿತು. ಎಲ್ಲರೂ ಬಾಯಿ ಮುಚ್ಚಿದರು. ಎಂಜಿನ್ನು ಮಾತ್ರ ಬಡಿದುಕೊಳ್ಳುತ್ತಿತ್ತು. ಗುಳ್ಳೆಯ ಸದ್ದು ಅದರಲ್ಲಿ ಮುಳುಗಿ ಹೋಯಿತು. ದಲಾಲ ಧರೆಪ್ಪನ ಬಲಕ್ಕೆ ನಿಂತಿದ್ದ, ಸಾವಕಾರರು ಅವನ ಹಿಂದೆ. ನಾನು ಎಡಕ್ಕೆ. ಆ ಸದ್ದಿನಲ್ಲಿ ನನ್ನನ್ನು ಕೇಳಬೇಕೆಂದರೆ ಅವನು ಕೂಗಿಯೇ ಕೇಳಬೇಕಿತ್ತು. ಕೂಗಿ ಕೇಳಿದ್ದರೆ ಗುಳವ್ಯಾ ಶಿಷ್ಯನನ್ನು ಬಣ್ಣ ಕೇಳುತ್ತಾನೆಂಬುದು ಸಾಂಗಲಿಯವರೆಗೆ ಗೊತ್ತಾಗುತ್ತಿತ್ತು.

ಚಹದ ಬಣ್ಣ ಬಂತು. ಕಡಲೆ ಬೇಳೆಯ ಬಣ್ಣ ಬಂತು.

ನಾನು ಕಂಡೆ. ಕಂಡು ಅವನ ಮುಖ ನೋಡಿದೆ. ಅವನು ಕೊಪ್ಪರಿಗೆಯ ಕಡೆ ಬಾಗಿ, ಮೂಗು ಅರಳಿಸಿ, ಕಿವಿ ಕೊಟ್ಟು, ಎಲ್ಲಿಂದಲೋ ಬರಬೇಕಾದ ಒಂದು ಸುಳಿವಿಗಾಗಿ ಕಾಯುತ್ತಿದ್ದ. ಕೈ ಮುಂದೆ ಮಾಡಿ ನಾನು ಅವನ ಮೊಣಕೈ ಮುಟ್ಟಬಹುದಿತ್ತು. ಒಂದು ಗೇಣು ದೂರ. ಪದ್ಧತಿ ಬಾಯಿಗಿತ್ತು, ಕೈಗೆ ಇರಲಿಲ್ಲ. ಈ ಮಾತು ನನಗೆ ಆಮೇಲೆ ಹೊಳೆಯಿತೋ, ಆಗಲೇ ಹೊಳೆದಿತ್ತೋ, ಎಷ್ಟು ವರ್ಷ ಯೋಚಿಸಿದರೂ ತಿಳಿದಿಲ್ಲ. ತಿಳಿಯದೇ ಇರಲಿ ಎಂದು ನಾನೇ ಬಯಸಿರಲೂಬಹುದು.

ಪಾಕ ಕಂದಿತು. ಅಂಚಿನಿಂದ ನಡುವಿನವರೆಗೆ ಕಪ್ಪು ಹರಿಯಿತು. ಸುಟ್ಟ ವಾಸನೆ ಏಳುವಷ್ಟರಲ್ಲಿ ಧರೆಪ್ಪ ಬೆಚ್ಚಿ ನೀರಿಗೆ ಹನಿ ಬಿಟ್ಟ. ಅದು ಕಲ್ಲಿನಂತೆ ತಳಕ್ಕೆ ಹೋಗಿ ತಟ್ ಎಂದಿತು. "ಇಳಸ್ರಿ! ಇಳಸ್ರೀ!" ಎಂದು ಅವನು ಕೂಗಿದ ದನಿ ಯಾರದೋ ಬೇರೆಯವರದಿದ್ದಂತೆ ಇತ್ತು.

ತೊಟ್ಟಿಗೆ ಸುರಿದದ್ದು ಬೆಲ್ಲವಾಗಿರಲಿಲ್ಲ. ದಲಾಲ ನಾಲಿಗೆಯಿಂದ ಲೊಚಗುಟ್ಟಿ ಜೀಪಿನ ಕಡೆ ನಡೆದ. ಎಂಜಿನ್ನು ಈಗ ನಿಂತಿತ್ತು. ಯಾರು ನಿಲ್ಲಿಸಿದರೋ ಗೊತ್ತಿಲ್ಲ.

"ಜಕ್ಕಪ್ಪ, ನೀ ಅಲ್ಲೇ ನಿಂತಿದ್ದೆಲ್ಲೊ," ಎಂದರು ವಿರುಪಾಕ್ಷಪ್ಪನವರು. "ನಿನಗ ಕಾಣ್ಸಲಿಲ್ಲೇನು?"

"ಅವನ್ನ ಯಾಕ ಕೇಳ್ತೀರಿ ಸಾವಕಾರ?" ಎಂದು ಧರೆಪ್ಪ ಅಡ್ಡ ಬಂದ. "ಇನ್ನಾ ಕಲಿಯಾಕತ್ತಾನ ಅಂವ. ಉರಿ ಹೆಚ್ಚಾತು. ತಪ್ಪ ನಂದೈತಿ."

"ನಾ ಅವನ್ನ ಕೇಳಾಕತ್ತೀನಿ."

ಎಲ್ಲರೂ ನನ್ನ ಕಡೆ ನೋಡಿದರು. ಬಾಳಾಸಾಬ ಕಣ್ಣಲ್ಲೇ ಬೇಡ ಎನ್ನುತ್ತಿದ್ದ. ಅವನಿಗೂ ಮೊದಲಿನಿಂದ ಗೊತ್ತಿತ್ತು ಎಂದು ಆಗ ತಿಳಿಯಿತು. ಕಾಣಲಿಲ್ಲ ಎಂದಿದ್ದರೆ ನಾನು ಏನೂ ಕಲಿಯದ ದಡ್ಡನಾಗುತ್ತಿದ್ದೆ, ಅಷ್ಟೇ. ದಡ್ಡನಾಗಿ ಮನೆಗೆ ಹೋಗುತ್ತಿದ್ದೆ.

"ಕಾಣ್ಸಿತ್ರಿ," ಎಂದೆ.

"ಮತ್ತ ಯಾಕ ಹೇಳಲಿಲ್ಲ?"

"ಹೇಳೂ ಪದ್ಧತಿ ಇಲ್ರಿ."

ಅದು ನಿಜ. ಅದರಷ್ಟು ನಿಜವಾದ ಮಾತನ್ನು ನಾನು ಅಲ್ಲಿಯವರೆಗೆ ಆಡಿರಲಿಲ್ಲ.

ಸಾವಕಾರರು ಸ್ವಲ್ಪ ಹೊತ್ತು ಧರೆಪ್ಪನನ್ನೇ ನೋಡಿದರು. ಆಮೇಲೆ ಮೆತ್ತಗೆ ಕೇಳಿದರು: "ಧರೆಪ್ಪ, ನನ್ನ ಅಂಗಿ ಯಾವ ಬಣ್ಣದ್ದೈತಿ?"

ಧರೆಪ್ಪ ನಕ್ಕ. "ಇದೇನ ಕೇಳ್ತೀರ್ರೀ? ನೀವು ಯಾವತ್ತೂ ಬಿಳೀದ ಹಾಕ್ತೀರಿ."

ಯಾವತ್ತೂ ಬಿಳಿಯದೇ. ಆ ದಿನ ಮಾತ್ರ ಮಿರಜಿನ ಒಂದು ಮದುವೆಗೆ ಹೊರಟಿದ್ದರಿಂದ ಅವರು ದಟ್ಟ ನೀಲಿ ಅಂಗಿ ಹಾಕಿದ್ದರು. ಬಾಳಾಸಾಬ ಮುಖ ತಿರುಗಿಸಿಕೊಂಡ. ಯಾರೂ ಏನೂ ಹೇಳದೇ ಇದ್ದುದರಿಂದಲೇ ಧರೆಪ್ಪನಿಗೆ ಎಲ್ಲವೂ ತಿಳಿಯಿತು. ಅವನ ನಗು ಮುಖದ ಮೇಲೆ ಹಾಗೇ ಉಳಿಯಿತು, ತೆಗೆಯುವುದು ಮರೆತಂತೆ.

ಸಾಯಂಕಾಲ ಅವನು ಗುಡಿಸಲಿನಲ್ಲಿ ಹಾಸಿಗೆ ಸುತ್ತುತ್ತಿದ್ದ. ಹಗ್ಗದ ತುದಿ ಸಿಗದೆ ತಡವರಿಸುತ್ತಿದ್ದ. ನಾನು ಹೋಗಿ ಹಗ್ಗ ಕೈಗೆ ಕೊಟ್ಟೆ. ಬೈಯುತ್ತಾನೆ ಎಂದು ಕಾದೆ. ಬೈದರೆ ಸಾಕು ಎನಿಸಿತ್ತು.

"ನಾಳಿ ಹಳ್ಳದ ದಂಡಿ ಹೊಲದ ಕಬ್ಬ ಬರತೈತಿ," ಎಂದ. "ಸವಳ ನೆಲದ್ದು. ಲೋಳಿ ಒಂದ ಮುಷ್ಟಿ ಹೆಚ್ಚಿಗಿ ಹಾಕು. ಜಲ್ದಿ ಕರ್ರಗ ತಿರಗತೈತಿ, ಬ್ಯಾಳಿ ಬಣ್ಣಕ್ಕ ಬರೂದಕ್ಕಿಂತ ತುಸು ಮೊದಲ ಇಳಸು. ಬಾಳ್ಯಾಗ ಉರಿ ಸಣ್ಣಗ ಇಡಾಕ ಹೇಳು, ಅಂವಗ ಹೇಳದ ಹೊರತು ತಿಳಿಯೂದಿಲ್ಲ."

ಹಾಸಿಗೆ ಹೊತ್ತು ಹೊರಟ. ಬಾಳಾಸಾಬ ಅವನ ಕೈ ಹಿಡಿದು ಬಸ್ಸಿನವರೆಗೆ ಹೋಗಿ ಬಂದ. ಬಂದ ಮೇಲೆ ನನ್ನನ್ನು ಸಾಹೇಬ್ರ ಎಂದು ಚೇಷ್ಟೆ ಮಾಡುವುದನ್ನು ಬಿಟ್ಟ. ಆ ಹಂಗಾಮಿನಲ್ಲಿ ಮತ್ತೆ ಎಂದೂ ಮಾಡಲಿಲ್ಲ.

ಮರುದಿನ ಲೋಳೆ ಒಂದು ಮುಷ್ಟಿ ಹೆಚ್ಚು ಹಾಕಿದೆ. ಬೇಳೆಯ ಬಣ್ಣಕ್ಕಿಂತ ತುಸು ಮೊದಲೇ "ಇಳಸ್ರಿ" ಎಂದೆ. ಹಿಂದೆಂದೂ ಬಾರದಂಥ ಬೆಲ್ಲ ಬಂತು. ದಲಾಲ ವಾರದ ಮೇಲೆ ತಿರುಗಿ ಬಂದು, ಪೆಂಟೆ ಒಡೆದು ನೋಡಿ, ನನ್ನ ಬೆನ್ನು ತಟ್ಟಿದ. ಇಷ್ಟು ಸಣ್ಣ ವಯಸ್ಸಿನಲ್ಲಿ ಹೇಗೆ ಕಲಿತೆ ಎಂದು ಕೇಳಿದ. ಮನಸ್ಸು ಹತ್ತದಿದ್ದರೆ ಕೈ ಹಚ್ಚಬೇಕು, ಹಂಗಾಮು ಎಣಿಸದೆ ಕೊಪ್ಪರಿಗೆ ಎಣಿಸಬೇಕು ಎಂದೆ. ಅವನಿಗೆ ತುಂಬ ಮೆಚ್ಚುಗೆಯಾಯಿತು. ಯಾರು ಹೇಳಿದ ಮಾತು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಮಾವಾಸ್ಯೆಗೆ ಗಾಣಕ್ಕೆ ರಜೆ. ಅಥಣಿಗೆ ಹೋಗಿ ಧರೆಪ್ಪನ ಊರಾದ ಸತ್ತಿಯ ಬಸ್ಸು ಹಿಡಿದೆ. ಯಾಕೆ ಹೋಗುತ್ತಿದ್ದೇನೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಕ್ಷಮೆ ಕೇಳಲು ಎಂದು ಬಸ್ಸಿನಲ್ಲಿ ಅಂದುಕೊಂಡೆ. ಏನೆಂದು ಕೇಳಬೇಕೆಂಬುದು ಇಳಿಯುವವರೆಗೂ ಹೊಳೆಯಲಿಲ್ಲ.

ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಬರಿಗಾಲಲ್ಲಿ, ಬರಿತಲೆಯಲ್ಲಿ ಕುಳಿತಿದ್ದ.

"ಯಾರು?"

"ನಾನ್ರಿ ಮಾಮಾ. ಜಕ್ಕಪ್ಪ."

ಅವನು ಥಟ್ಟನೆ ಎದ್ದ. "ಕೂಡು, ಕೂಡು," ಎನ್ನುತ್ತ ಗೋಡೆ ಹಿಡಿದುಕೊಂಡು ಒಳಗೆ ಹೋದ. ಅವನ ಹೆಂಡತಿ ಕೆಂಚವ್ವ ಚಹ ತಂದಳು. ಮಿರಜಿಗೆ ಯಾವಾಗ ಹೋಗುತ್ತೀರಿ ಎಂದು ಅವಳನ್ನು ಕೇಳಿದೆ.

"ನಡಿ ಅಂದ್ರ, ಕಣ್ಣ ತಗೊಂಡು ಇನ್ನೇನ ನೋಡ್ಲಿ ಅಂತಾನ್ರಿ. ದಿನಾ ನಾಕಕ್ಕ ಎದ್ದು ಒಲಿ ಮುಂದ ಕುಂಡರ್ತಾನ. ಒಲಿ ನಾ ಹಚ್ಚೂದು ಆರಕ್ಕ." ಒಳಗೆ ಟ್ರಂಕು ಎಳೆದ ಸದ್ದಾಯಿತು. ಅವಳು ದನಿ ತಗ್ಗಿಸಿದಳು. "ಕರಿಯಾಕ ಬಂದೀರೇನ್ರಿ?"

ನಾನು ತಲೆ ಅಲ್ಲಾಡಿಸಿದೆ.

"ಹಂಗಾರ ಬರಬಾರದಾಗಿತ್ರಿ ನೀವು," ಎಂದಳು. ಸಿಟ್ಟಿನಿಂದಲ್ಲ.

ಅವನು ಹೊರಗೆ ಬಂದ. ಒಗೆದ ಧೋತರ ಉಟ್ಟಿದ್ದ, ತಲೆಗೆ ರುಮಾಲು ಸುತ್ತಿದ್ದ, ಕಾಲಲ್ಲಿ ಚಪ್ಪಲಿ ಇದ್ದವು. ಕಂಕುಳಲ್ಲಿ ಹಗ್ಗ ಬಿಗಿದ ಹಾಸಿಗೆ. ಕಟ್ಟೆಯ ಮೇಲೆ ಕುಳಿತು ಅದನ್ನು ತೊಡೆಯ ಮೇಲಿಟ್ಟುಕೊಂಡ.

"ಸವಳ ನೆಲದ ಕಬ್ಬ ಹೆಂಗ ಬಂತು?"

"ಚಲೋ ಬಂತ್ರಿ. ನೀವು ಹೇಳಿದಂಗ ಮಾಡಿದೆ."

"ಸಾವಕಾರ್ರು ಏನಂದ್ರು?"

"ಆರಾಮ ಅದಾರ್ರಿ."

ಅವನು ಕಾದ. ನಾನು ಚಹ ಕುಡಿದು ಮುಗಿಸಿದೆ. ಕೆಂಚವ್ವ ಬಾಗಿಲಲ್ಲಿ ನಿಂತೇ ಇದ್ದಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದಾಗ ಅವನೂ ಎದ್ದ.

"ನಡಿ," ಎಂದ.

"ಮಾಮಾ, ನಾ ಸುಮ್ಮ ಮಾತಾಡ್ಸಿ ಹೋಗಾಕ ಬಂದಿದ್ನಿರಿ."

ಅವನ ಕೈ ಹಾಸಿಗೆಯ ಹಗ್ಗವನ್ನು ಒಮ್ಮೆ ಬಿಗಿಯಾಗಿ ಹಿಡಿಯಿತು. "ಗೊತ್ತೈತಿಲೇ," ಎಂದ. "ನಾನೂ ಸ್ಟ್ಯಾಂಡ್ ಮಟಾ ಕಳಸಾಕ ಬರಾಕತ್ತೀನಿ."

ಹಾಸಿಗೆಯನ್ನು ಕೆಳಗಿಡಲಿಲ್ಲ. ನನ್ನ ಭುಜ ಹಿಡಿದು, ಅದನ್ನು ಕಂಕುಳಲ್ಲಿಟ್ಟುಕೊಂಡೇ ಊರ ನಡುವಿನಿಂದ ಬಂದ. ಎದುರು ಸಿಕ್ಕವರು, "ಏನ ಧರೆಪ್ಪ, ಗಾಣಕ್ಕ ಹೊಂಟೇನು?" ಎಂದರೆ, "ಹೂಂ" ಎಂದ ಒಬ್ಬರಿಗೆ, "ಇಲ್ಲ" ಎಂದ ಇನ್ನೊಬ್ಬರಿಗೆ.

ಬಸ್ಸು ಬಂತು. ನಾನು ಹತ್ತಿದೆ. ಕಂಡಕ್ಟರು ಬಾಗಿಲು ಹಿಡಿದು ನಿಂತು, "ಅಜ್ಜಾ, ಹತ್ತತಿಯೇನು? ಜಲ್ದಿ ಹತ್ತು," ಎಂದ.

"ಇಲ್ಲಪಾ. ಕಳಸಾಕ ಬಂದೀನಿ."

ಬಸ್ಸು ಹೊರಟ ಮೇಲೆ ನಾನು ಹಿಂದಿನ ಕಿಟಕಿಯಿಂದ ನೋಡಿದೆ. ಅವನು ಹಾಸಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಮುಖ ನಮ್ಮ ಬಸ್ಸು ಹೋಗುತ್ತಿದ್ದ ಕಡೆಗಿರಲಿಲ್ಲ. ಬಸ್ಸು ಬಂದ ದಾರಿಯ ಕಡೆಗೆ ಇತ್ತು, ಇನ್ನೂ ಬರಬೇಕಾದ ಬಸ್ಸಿಗೆ ಕಾಯುವವನಂತೆ.